ಮೂವತ್ತರವರೆಗೆ

ಹೊರಮಾವು, ಮೂರನೇ ಅಡ್ಡರಸ್ತೆ, ನೀಲಿ ಗೇಟು.
ಪೂವಮ್ಮ ಮೇಡಂ ಬಾಯಿಂದ ಸೀಟಿ ತೆಗೆದು ಹೇಳಿದರು:
ಒಂದು ವಾರದಿಂದ ಹಲ್ಲು ಕಡೀತಿದೆ ನಿಮ್ಮ ಪಂಪು.
ನೀರೂ ಇಳೀತಿದೆ. ಟ್ಯಾಂಕರಿನವನಿಗೆ ಈಗ
ನಮ್ಮ ನಾಯಿಯ ಹೆಸರೂ ಗೊತ್ತು.

ಇಳಿದ ನೀರೆಲ್ಲ ಸೋರಿಕೆಯಲ್ಲ,
ಮಾರ್ಚ್ ಬಿಸಿಲಿಗೂ ಬಾಯಾರುತ್ತದೆ.
ಅದಕ್ಕೇ ಮೊನ್ನೆ ಫೋನಿನಲ್ಲೇ ಹೇಳಿದ್ದೆ,
ಮೆಟ್ಟಿಲ ಮೇಲೊಂದು ಬಕೆಟ್ಟಿಡಿ, ತುಂಬ ಈಜುಕೊಳದ್ದೇ ನೀರು,
ಒಳಗೊಂದು ಗೆರೆ, ಹೊರಗೊಂದು ಗೆರೆ.
ಎರಡೂ ಒಂದೇ ಸಮ ಇಳಿದರೆ ಕುಡಿದವನು ಸೂರ್ಯ.
ಇಳಿದದ್ದು ಒಳಗೆ ಉಗುರಿನಷ್ಟು,
ಹೊರಗೆ ಬೆರಳಿನಷ್ಟು.

ಪಂಪಿನ ಗುಂಡಿ ನಾಯಿಗೂಡಿಗಿಂತ ತುಸು ದೊಡ್ಡದು.
ಕುಕ್ಕರಗಾಲಲ್ಲಿ ಕೂತು ಎಡಗಿವಿ ಕೊಟ್ಟೆ.
ಬಲಗಿವಿ ಕಲಾಸಿಪಾಳ್ಯದ ವೈಂಡಿಂಗ್ ಅಂಗಡಿಯಲ್ಲೇ ಉಳಿಯಿತು.
ದಸ್ತಗೀರ್ ಉಸ್ತಾದರು ಕಲಿಸಿದ್ದರು,
ಸ್ಕ್ರೂಡ್ರೈವರಿನ ಮೂತಿ ಬೇರಿಂಗಿಗೆ, ಹಿಡಿ ನಿನ್ನ ದವಡೆಗೆ.
ಮೂಳೆ ಕೇಳುತ್ತೆ ಬೇಟಾ, ಕಿವಿ ಬರೀ ಬಾಗಿಲು.

ಕೀರಿದರೆ ಬೇರಿಂಗು.
ಗುಂಯ್ ಅಂದು ತಿರುಗದೆ ಕೂತರೆ ಕೆಪಾಸಿಟರು.
ಇದು ಎರಡೂ ಅಲ್ಲ.
ತಗಡಿನ ಡಬ್ಬಿಯಲ್ಲಿ ಹುಣಿಸೆಬೀಜ ಕುಲುಕಿದ ಸದ್ದು,
ನಡುನಡುವೆ ಬಿಕ್ಕಳಿಕೆ.
ಗಾಜಿನಂಥ ಮುಚ್ಚಳದಡಿ ಗುಳ್ಳೆಗಳ ಓಡಾಟ.
ಎಲ್ಲೋ ಗಾಳಿ ನುಂಗುತ್ತಿದೆ.

ಹೀರುವ ಕಡೆಯ ಪೈಪಿನ ಸ್ವಭಾವವೇ ಹಾಗೆ.
ಓಡುವಾಗ ಒಂದು ಹನಿ ತೊಟ್ಟಿಕ್ಕುವುದಿಲ್ಲ,
ಬಿರುಕಿನಿಂದಲೇ ಉಸಿರೆಳೆದುಕೊಂಡು ದುಡಿಯುತ್ತದೆ.
ಸ್ವಿಚ್ ಆರಿಸಿ ಎಲ್ಲರೂ ಒಳಗೆ ಹೋದ ಮೇಲೆ
ಮೆಲ್ಲಗೆ ಅಳಲು ಶುರು.
ಮಿಂಟೋ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಮ್ಮ ಚಿಕ್ಕತ್ತೆ
ಥೇಟ್ ಹೀಗೇ.

ಚೀಲದಿಂದ ಶೇವಿಂಗ್ ಫೋಮ್ ತೆಗೆದೆ ನೋಡಿ,
ಒದ್ದೆ ಚಡ್ಡಿಯ ಮಕ್ಕಳೆಲ್ಲ ಮುತ್ತಿಕೊಂಡರು.
ಅಂಕಲ್, ಪಂಪಿಗೆ ಗಡ್ಡ ಬಂದಿದೆಯಾ?
ಬಂದಿದೆ ಕಣೋ.
ವಾಲ್ವಿನ ಗಂಟಲಿಗೆ, ಪೈಪಿನ ಕೀಲುಕೀಲಿಗೆ
ಬೆಳ್ಳಗೆ ಬಳಿದು ಕಾದೆವು.
ಮೊದಲ ಕೀಲಿನ ನೊರೆ ಅಲ್ಲಾಡಲಿಲ್ಲ.
ವಾಲ್ವಿನದೂ ಇಲ್ಲ.
ಮೊಣಕೈಯಂತೆ ಮಡಿಸಿದ ತಿರುವಿನಲ್ಲಿ
ನೊರೆಗೊಂದು ಗುಳಿ ಬಿತ್ತು, ಕೆನ್ನೆಯ ಗುಳಿಯಂಥದ್ದು.
ನುಂಗ್ತು! ನುಂಗ್ತು! ತಂಜೀಲ ಕುಣಿದಳು.

ಸ್ವಿಚ್ ಆರಿಸಿ ಒರೆಸಿದೆ.
ನೊರೆಯ ಕೆಳಗೆ ಕಪ್ಪು ಮಾರ್ಕರಿನ ತಾರೀಖು,
ಪಕ್ಕದಲ್ಲಿ ಬಾಲ ಎಳೆದ ಸಹಿ.
ನನ್ನದೇ.

ಆ ತಾರೀಖು ನನಗೆ ಬಾಯಿಪಾಠ.
ಮಗಳ ಶಾಲೆಯ ಅರ್ಜಿಗೆ ಹೋದ ತಿಂಗಳಷ್ಟೇ ಬರೆದಿದ್ದೆ.
ಅವತ್ತು ಸಲ್ಯೂಷನ್ ಹಚ್ಚಿ, ಪೈಪು ಕೂರಿಸಿ, ಎಣಿಸುತ್ತಿದ್ದೆ.
ಮೂವತ್ತರವರೆಗೆ ಒತ್ತಿ ಹಿಡಿಯಬೇಕು.
ಹನ್ನೆರಡಕ್ಕೆ ವಾಣಿವಿಲಾಸದಿಂದ ಫೋನು.
ತಾರೀಖು ಮೊದಲೇ ಬರೆದಿಡುವುದು ನನ್ನ ರೂಢಿ,
ಉಳಿದದ್ದನ್ನು ಬಿಟ್ಟು ಓಡಿದೆ.
ಹೆಣ್ಣೂರು ಸಿಗ್ನಲಿನಲ್ಲಿ ಕೆಂಪಿತ್ತೋ ಹಸಿರೋ
ಇವತ್ತಿಗೂ ಗೊತ್ತಿಲ್ಲ.
ಹದಿನೆಂಟು ಎಣಿಕೆ ಕಮ್ಮಿಬಿದ್ದ ಕೀಲು
ನಾಲ್ಕು ವರ್ಷ ತಡೆದಿದೆ.

ಯಾರದು ಈ ಕೆಲಸ? ಮೇಡಂ ಬಗ್ಗಿದರು,
ಕನ್ನಡಕ ಒಳಗೆಲ್ಲೋ ಇತ್ತು.
ಹಳೇದು ಮೇಡಂ, ಅಂದುಬಿಟ್ಟೆ.
ಗೇಟ್ ವಾಲ್ವ್ ಮುಚ್ಚಿ ಗರಗಸ ಹಿಡಿದೆ.
ಬಿಳಿ ಪುಡಿ ಮಂಡಿಯ ಮೇಲೆ ಉದುರುತ್ತಲೇ ಇತ್ತು.
ಕೊಯ್ದ ತುಂಡನ್ನು ಚೀಲಕ್ಕೆ ಹಾಕಿದೆ,
ಮತ್ತೆ ತೆಗೆದು ಅವರ ಕೈಗಿಟ್ಟೆ.
ನಾನೇ ಮೇಡಂ.

ಅವರು ತಿರುಗಿಸಿ ತಿರುಗಿಸಿ ನೋಡಿದರು.
ನಮ್ಮ ಹುಡುಗರೂ ಇಷ್ಟೇ,
ಗೋಡೆ ಮುಟ್ಟೋ ಮೊದಲೇ ತಲೆ ಎತ್ತುತ್ತಾರೆ.

ಹೊಸ ತಿರುವು. ಹಚ್ಚಿ, ಕಾಲು ಸುತ್ತು ತಿರುಗಿಸಿ, ಒತ್ತಿದೆ.
ಎಣಿಸ್ರೋ, ಅಂದೆ.
ಒಂದು, ಎರಡು, ತೀನ್, ನಾಲುಗು, ಅಂಜು, ಸಿಕ್ಸ್...
ಹತ್ತೊಂಬತ್ತಕ್ಕೆ ಜೇಬಿನಲ್ಲಿ ಫೋನು ನಡುಗಿತು.
ಎಬೆನೇಜರ್ ಇಪ್ಪತ್ತಾರನ್ನು ಹಾರಿಸಿದ,
ಜಗಳವಾಗಿ, ಇಪ್ಪತ್ತರಿಂದ ಮತ್ತೆ ಬಂದೆವು.
ಮೂವತ್ತೈದಾಗಿರಬೇಕು ಒಟ್ಟು.

ರಾತ್ರಿಯೆಲ್ಲ ಒಣಗಬೇಕು, ಪಂಪು ಮುಟ್ಟಬೇಡಿ.
ಇವತ್ತಿಗೆ ಬಿಲ್ಲಿಲ್ಲ.
ಬಕೆಟ್ಟು ಅಲ್ಲೇ ಇರಲಿ, ಹೊಸ ಗೆರೆ ಎಳೆದಿದ್ದೇನೆ.
ಬೆಳಿಗ್ಗೆ ಸ್ವಿಚ್ ಹಾಕಿದ ಮೇಲೆ ಒಂದು ಫೋನ್ ಮಾಡಿ,
ಏನೂ ಮಾತಾಡಬೇಡಿ,
ಮೋಟಾರಿನ ಹತ್ತಿರ ಹಿಡಿಯಿರಿ ಸಾಕು.
ಎಡಗಿವಿಯಲ್ಲಿಟ್ಟುಕೊಂಡು ಕೇಳುತ್ತೇನೆ.