ಮುನ್ನೂರು ಮಡಿಸುವ ಕುರ್ಚಿ

ನಡಾವಳಿಯ ಮೊದಲ ಹಾಳೆಯಲ್ಲಿ
ಕಲೆ ಎಂಬ ಪದವೇ ಇಲ್ಲ.
ಇರುವುದಿಷ್ಟು: ಹಾಜರಿ ಹನ್ನೊಂದು. ಕಾಫಿ ಸಾಲಲಿಲ್ಲ.
ಮಡಿಸುವ ಕುರ್ಚಿ ಮುನ್ನೂರು ಕೊಳ್ಳಲು ಗೊತ್ತುವಳಿ.
ಮಂಡನೆ ಹಿಲ್ಮಾ ರಾಂತಲಾ, ಅನುಮೋದನೆ ಕಾಸಿಮಿರ್ ವ್ರೋನಾ,
ವಿರೋಧ ಒಂದು. ವಿರೋಧಿಸಿದವರ ಹೆಸರನ್ನು
ಯಾರೋ ಬ್ಲೇಡಿನಿಂದ ಕೆರೆದಿದ್ದಾರೆ, ಬಲು ಜೋಪಾನವಾಗಿ.

ಐವತ್ತೆರಡನೆಯ ಇಸವಿ, ಫೆಬ್ರವರಿ. ಸರೋವರ ಕಲ್ಲಾಗಿತ್ತು.
ಕಾಗದದ ಗಿರಣಿಯ ಗಂಧಕದ ನಾತ
(ದುಡ್ಡಿನ ವಾಸನೆ ಅನ್ನುತ್ತಿತ್ತು ಊರು)
ಕಿಟಕಿಯ ಸಂದಿನಿಂದ ಬಂದು
ಹನ್ನೆರಡನೆಯ ಸದಸ್ಯನಾಗಿ ಕೂತಿರಬೇಕು.
ನಾಟಕದವರಿಗೆ ಪರದೆಯಿಲ್ಲ, ಹಾಡುವವರಿಗೆ ಸೂರಿಲ್ಲ,
ಚಿತ್ರ ಬರೆವ ಇಬ್ಬರಿಗೆ ಒಂದು ಗೋಡೆಯಿಲ್ಲ.
ಹಿಲ್ಮಾ, ಗಿರಣಿಯ ಊಟದ ಮನೆಯಲ್ಲಿ ತಟ್ಟೆ ತೊಳೆಯುವವಳು, ಅಂದಳಂತೆ:
ಮೊದಲು ಜನರನ್ನು ಕೂರಿಸೋಣ.
ಆಮೇಲೆ ಏನಾದರೂ ತೋರಿಸೋಣ.

ಆ ಕುರ್ಚಿಗಳೇ ಪರಿಷತ್ತು. ಬೆನ್ನಿಗೊಂದು ಹಸಿರು ಅಚ್ಚು.
ಕಡ ಹೋದವು ಮದುವೆಗೆ, ಮತದಾನಕ್ಕೆ, ಸಾವಿನ ಮನೆಗೆ,
ಮುಷ್ಕರದ ಚಳಿಗಾಲ ಗಿರಣಿಯ ಗೇಟಿಗೆ ನಲವತ್ತು.
ಕೊಟ್ಟವರಾರೆಂದು ಪುಸ್ತಕ ಬಾಯಿ ಬಿಡುವುದಿಲ್ಲ.
ಮುಂದಿನ ತಿಂಗಳು: ಗಿರಣಿಯ ದೇಣಿಗೆ ಬಂದಿಲ್ಲ.
ಅದರ ಮುಂದಿನ ತಿಂಗಳು: ಬಂದಿಲ್ಲ.
ಬಂದಿಲ್ಲ, ಬಂದಿಲ್ಲ, ಒಂದೇ ಕೈಬರಹ,
ತಿಂಗಳಿಂದ ತಿಂಗಳಿಗೆ ಅಕ್ಷರ ದಪ್ಪವಾಗುತ್ತ.

ಗೋಡೆಚಿತ್ರದ ಜಗಳಕ್ಕೆ ಇಪ್ಪತ್ತಾರು ಪುಟ.
ಮೀನಿನ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬಲ್ಲಿ ತೊಡಗಿ
ಯಾರ ಅಪ್ಪ ಯಾರ ದೋಣಿ ಮುಳುಗಿಸಿದ ಎಂಬಲ್ಲಿಗೆ ಮುಟ್ಟಿ
ಪುರಸಭೆ ವಾಹನ ನಿಲ್ಲಿಸಲು ಜಾಗ ಮಾಡಿತು.
ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ;
ಗೋಡೆ ಬಿತ್ತು.

ಎಂಬತ್ತಮೂರು. ಪಾ ಚೂವಾ ಶೋಂಗ್ ಎಂಬ ಹ್ಮಾಂಗ್ ಹೆಂಗಸು
ಸುತ್ತಿದ ಬಟ್ಟೆಯೊಂದನ್ನು ಮೇಜಿನ ಮೇಲೆ ಬಿಚ್ಚಿದಳು.
ನೀಲಿ ಬಟ್ಟೆಯಲ್ಲಿ ದಾರದ ನದಿ, ದಾರದ ವಿಮಾನ,
ಬಿದಿರು ಅಪ್ಪಿ ಈಜುವ ದಾರದ ಮಂದಿ, ಬೆರಳುದ್ದ.
ಇಂಗ್ಲಿಷು ಬಾರದು. ಎಂಟು ವರ್ಷದ ಮಗ ದುಭಾಷಿ.
ಖಜಾಂಚಿ ವ್ರೋನಾ, ಆಗ ಹಣ್ಣು ಮುದುಕ, ಕೇಳಿದ: ಬೆಲೆ ಎಷ್ಟು?
ಹುಡುಗ ಅಮ್ಮನತ್ತ ತಿರುಗಲೂ ಇಲ್ಲ.
ಮಾರೋಕಲ್ಲ. ಕೂತು ನೋಡಿ ಅಂತಾಳೆ.
ನಡಾವಳಿ: ಎಲ್ಲರೂ ಕೂತರು. ಬೇರೆ ಕಲಾಪ ನಡೆಯಲಿಲ್ಲ.

ಹುಡುಗನ ಹೆಸರು ಬರೆದಿಲ್ಲ.
ನನಗೆ ಗೊತ್ತು.

ಗಿರಣಿ ಮುಚ್ಚಿದ ಮೇಲೆ ಗಾಳಿ ಶುದ್ಧವಾಯಿತು,
ಮನೆಗಳು ಅಗ್ಗವಾದವು. ಸಲಹೆಗಾರರು ಬಂದರು,
ನುಣುಪು ಕಾಗದದ ವರದಿ, ಕಾಗದ ಮಾತ್ರ ಬೇರೆ ಊರಿನದು.
ಪುಟಕ್ಕೆ ಇಪ್ಪತ್ತು ಸಲ ಈಗ ಕಲೆ, ಕಲೆ;
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ನಾನು ಎಂಟನೆಯ ಕಾರ್ಯದರ್ಶಿ. ಸಂಬಳ ಅರ್ಧ ದಿನದ್ದು,
ಬೀಗದ ಕೈ ಹದಿನಾಲ್ಕು, ಒಂಬತ್ತಕ್ಕೆ ಬಾಗಿಲೇ ಇಲ್ಲ.

ಹೋದ ವಾರ ದಾಸ್ತಾನು ಎಣಿಸಿದೆ: ಕುರ್ಚಿ ಇನ್ನೂರ ಆರು.
ಮುಗಿಸಿ ಗೆರೆ ಎಳೆಯುವಾಗ ಮುದುಕಿಯೊಬ್ಬರು
ಹಿಮದಲ್ಲಿ ಒಂದನ್ನು ಎಳೆದುಕೊಂಡು ಬಂದರು.
ನೆಲಮಾಳಿಗೆಯಲ್ಲಿತ್ತು, ಅಂದರು. ನಮ್ಮಪ್ಪ
ಗೇಟಿನ ಹತ್ತಿರ ಕೂತದ್ದು. ಹೊತ್ತಾಯಿತು ಅಲ್ಲವೇ ತಂದುಕೊಡಲು?
ದಂಡದ ದರ ನಿಯಮಾವಳಿಯಲ್ಲಿದೆ, ದಿನಕ್ಕೆ ಎರಡು ಸೆಂಟು.
ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಆರನ್ನು ಏಳು ಮಾಡಿ ಕುರ್ಚಿ ಬಿಡಿಸಿದೆ.
ಕೀಲು ಕಿರುಗುಟ್ಟಿತು. ಕಾಲೊಂದು ಗಿಡ್ಡ.
ಅವರು ಕೋಟು ಕೂಡ ಬಿಚ್ಚದೆ ಕೂತು
ಖಾಲಿ ಗೋಡೆಯತ್ತ ನೋಡಿ ಕೇಳಿದರು,
ಇವತ್ತು ಏನು ತೋರಿಸ್ತೀರಿ?

ಮಂಗಳವಾರ. ಏನೂ ಇರಲಿಲ್ಲ.
ನಾನೂ ಒಂದು ಕುರ್ಚಿ ಎಳೆದುಕೊಂಡೆ.