ಮೂಕ ರೇಡಿಯೋಗೂ ಬ್ಯಾಟರಿ

ಐಡರ್ ಬಾತಿಗೆ ಹಾಡೆಂದರೆ ಪ್ರಾಣ,
ಅನ್ನುತ್ತಿದ್ದ ಥೋರ್ಗಿಲ್ಸ್. ಐಸ್‌ಲ್ಯಾಂಡಿನ ಪಡುವಣ ದಂಡೆಯಲ್ಲಿ
ಐವತ್ತು ಬೇಸಿಗೆ ಗೂಡುಗಳ ಪಕ್ಕ ರೇಡಿಯೋ ಇಟ್ಟವನು.
ಹವಾಮಾನ ವರದಿ, ಅಕಾರ್ಡಿಯನ್, ಸಂಜೆಯ ಸಾವಿನ ಸುದ್ದಿ,
ಎಲ್ಲ ಕೇಳಿಸಿಕೊಂಡೇ ಅವು ಮೊಟ್ಟೆಯಿಡುತ್ತವಂತೆ.

ಸ್ಟೇನ್‌ವೋರ್ ನಗಲಿಲ್ಲ. ಹೌದೆನ್ನಲೂ ಇಲ್ಲ.
"ಏನು ಕಂಡರೆ ಸೋತೆ ಅಂತ ಒಪ್ಪುತ್ತೀಯ, ತಾತ?"
ಕಾಫಿ ಆರುವವರೆಗೂ ಅವನು ಯೋಚಿಸಿದ.
"ಎರಡೂ ಕಡೆ ಹೆಚ್ಚುಕಡಿಮೆ ಸಮ ಬಂದರೆ."
ಆ ಬೇಸಿಗೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ
ನಾವ್ಯಾರೂ ಮಾಡಲಿಲ್ಲ ಅನಿಸುತ್ತದೆ ನನಗೆ.

ನಲವತ್ತು ತುಂಡು ನೆಲ, ಎರಡೆರಡರ ಜೋಡಿ.
ಜೋಡಿಗೆ ಒಂದೇ ಗಾಳಿ, ಒಂದೇ ಹುಲ್ಲು, ಅಲೆಗೆ ಒಂದೇ ದೂರ.
ಒಳ್ಳೆಯ ಹುಲ್ಲಿನ ಕಡೆಗೇ ಹಾಡು ಇಡೋಣ ಅಂದ ಮುದುಕ,
ಅಕ್ಕರೆಯಿಂದಲೇ ಅಂದದ್ದು.
ಅಕ್ಕರೆಯನ್ನೇ ಮೊದಲು ಕಟ್ಟಿಹಾಕಬೇಕು ಎಂದು
ಅವಳು ಒಂದು ಕ್ರೋನದ ನಾಣ್ಯ ಚಿಮ್ಮಿದಳು.
ಮೀನು ಬಿದ್ದರೆ ಹಾಡು, ರಕ್ಕಸ ಬಿದ್ದರೆ ಮೌನ.
ಇಪ್ಪತ್ತು ಸಲ. ನಾಣ್ಯಕ್ಕೆ ಯಾರ ಮುಲಾಜೂ ಇಲ್ಲ.

ನಾನಾಗ ಹೊರಗೆ, ಕುರಿಗಳ ಜೊತೆ.
ಎಣಿಸುವವಳು ನಾನು, ನನಗೆ ಗೊತ್ತಾಗಕೂಡದು.
ಇದೆಲ್ಲ ಆಮೇಲೆ ಕೇಳಿದ್ದು.

ಮೌನದ ಕಡೆಗೂ ರೇಡಿಯೋ ಇಟ್ಟರು.
ಅದೇ ಪೆಟ್ಟಿಗೆ, ಅದೇ ಕೆಂಪು ದೀಪ, ಒಳಗೆ ತಂತಿಯೊಂದು ಕತ್ತರಿಸಿದ್ದು.
ಪೆಟ್ಟಿಗೆ ಕಂಡು ಬಂದವೋ, ಪದ ಕೇಳಿ ಬಂದವೋ
ಬೇರೆ ಹೇಗೆ ತಿಳಿಯುವುದು?
ದಿನ ಬಿಟ್ಟು ದಿನ ಎಲ್ಲಕ್ಕೂ ಹೊಸ ಬ್ಯಾಟರಿ.
"ಮೂಕನಿಗೂ ಊಟವೇ?" ಗೊಣಗುತ್ತಲೇ
ಥೋರ್ಗಿಲ್ಸ್ ನಲವತ್ತಕ್ಕೂ ನಡೆದ.

ಎಣಿಕೆಯ ಭಾನುವಾರ ಎಲ್ಲ ರೇಡಿಯೋಗೂ ರಜೆ.
ಆಮೇಲೇ ನಾನು ಹೊರಟೆ, ಪೆನ್ಸಿಲ್ ಹಿಡಿದು,
ಯಾವುದು ಹಾಡಿದ್ದು ಯಾವುದು ಹಾಡದ್ದು ಅರಿಯದೆ.
ಗೂಡೆಂದರೆ ಏನೆಂದು ಮೊದಲೇ ಬರೆದಿತ್ತು:
ತುಪ್ಪುಳದ ಬಟ್ಟಲು, ಒಳಗೆ ಒಂದಾದರೂ ಮೊಟ್ಟೆ.
ಮೊಟ್ಟೆಯಿಲ್ಲದ ಬಟ್ಟಲೊಂದಕ್ಕೆ ಕೈಯಿಟ್ಟೆ,
ಇನ್ನೂ ಬಿಸಿಯಿತ್ತು.
ಸೊನ್ನೆ, ಎಂದು ಬರೆದೆ.

ಎರಡು ದಿನ ಮೊದಲು ಉಬ್ಬರ ನುಗ್ಗಿ
ಒಂಬತ್ತನೆಯ ತುಂಡು ಪೂರಾ ಕೊಚ್ಚಿಹೋಗಿತ್ತು.
ಲೆಕ್ಕ ಕೂಡುವಾಗ ತಿಳಿಯಿತು, ಅದು ಹಾಡಿನ ತುಂಡು.
ಅದನ್ನೂ ಅದರ ಜೋಡಿಯನ್ನೂ ಬಿಟ್ಟರೆ
ಹಾಡು ಎಂಟು ಗೂಡು ಮುಂದೆ.
ಮುದುಕ ಕಿಟಕಿಯಾಚೆ ನೋಡಿದ. ಅವಳೂ ನೋಡಿದಳು.
ಮೇ ತಿಂಗಳಲ್ಲೇ ಅರಗಿನ ಮುದ್ರೆಯೊತ್ತಿ
ಪಾದ್ರಿಯ ಮನೆಯಲ್ಲಿಟ್ಟ ಲಕೋಟೆ ತಂದು ಒಡೆದರು.
ಅವಳದೇ ಕೈಬರಹ:
ಕಡಲು ತಿಂದರೂ, ನರಿ ತಿಂದರೂ, ಲೆಕ್ಕದಲ್ಲೇ ಇರಲಿ.

ಹಾಡಿದ ಕಡೆ ಐವತ್ತೆಂಟು. ಹಾಡದ ಕಡೆ ಅರವತ್ತೊಂದು.
"ಮೌನ ಗೆದ್ದಿತೇ?" ಎಂದೆ.
"ಮೂರು ಗೂಡು ಗೆಲುವಲ್ಲ," ಎಂದಳು,
"ಮೀನು ರಕ್ಕಸರ ಆಟದಲ್ಲೂ ಅಷ್ಟು ಏರುಪೇರು ಇದ್ದದ್ದೇ."

ಥೋರ್ಗಿಲ್ಸ್ ಒಪ್ಪಿದ. ಮಾತು ಕೊಟ್ಟಿದ್ದನಲ್ಲ.
ಬೂಟಿನ ಲಾಡಿ ಕಟ್ಟುತ್ತ ಅಂದ, ಯಾರಿಗೆಂದಿಲ್ಲದೆ:
"ಹೋದ ವರ್ಷ ಒಟ್ಟು ಎಪ್ಪತ್ತೂ ಇರಲಿಲ್ಲ.
ಈ ವರ್ಷ ನರಿಯ ಹೆಜ್ಜೆ ಒಂದೂ ಕಾಣಲಿಲ್ಲ."
ಹೋದ ವರ್ಷದ ಗಾಳಿ ಬೇರೆ, ಹಿಮ ಬೇರೆ, ಹೋಲಿಸಬಾರದು
ಅನ್ನುತ್ತಿದ್ದವಳು ಅರ್ಧಕ್ಕೇ ನಿಂತಳು.
ಅವನ ಬೂಟನ್ನೇ ನೋಡಿದಳು.
ನಲವತ್ತು ತುಂಡು. ನಲವತ್ತಕ್ಕೂ ನಡೆದ ಬೂಟು.
ಯಾರೂ ನಡೆಯದ ನೆಲ ಒಂದನ್ನಾದರೂ
ಉಳಿಸಿಕೊಂಡಿರಲಿಲ್ಲ ನಾವು.

ಹೊಸ ಹಾಳೆ ತೆಗೆದಳು. ನನ್ನತ್ತ ತಿರುಗಿ
"ನೀನು ಸ್ವಲ್ಪ ಹೊರಗಿರು" ಎಂದಳು.
ಕುರಿಗಳು ಇನ್ನೂ ಅಲ್ಲೇ ಇದ್ದವು.