ನೀರಿನ ಗೆರೆ

ಆ ಜನವರಿ ಪುಟ್ಸ್ಕ್ ಊರಿನ ಕೊಲ್ಲಿ ಕಲ್ಲಾಗಿತ್ತು.
ದಡದಲ್ಲಿ ದೋಣಿಗಳು ಬೋರಲು ಬಿದ್ದಿದ್ದವು.
ಅಪ್ಪನಿಗೆ ಬಲೆಯಿಲ್ಲ, ಮೀನಿಲ್ಲ,
ಬೈದಾಡಲು ಒಂದು ಗಾಳಿಯೂ ಇಲ್ಲ.
ಸ್ಟೇಷನ್ನಿನ ಗೂಡಂಗಡಿಯಿಂದ
ಸಿಗರೇಟಿನ ಜೊತೆ ತಂದ ಎಂಟು ಹಾಳೆಯ ಪುಸ್ತಿಕೆ:
ಕತ್ತರಿಸಿ, ಮಡಿಸಿ, ಅಂಟಿಸಿದರೆ
ನೀರಿನ ಮೇಲಿಳಿಯುವ ವಿಮಾನ.
ಅಳತೆ, ಮೂವತ್ತಮೂರಕ್ಕೆ ಒಂದು.

ಅಂದರೆ? ಅಂದೆ.
ಅಂದರೆ, ಬ್ರೊನ್ಕಾ, ನೀನು ಇಷ್ಟೇ,
ಎಂದು ಹೆಬ್ಬೆರಳ ಮೇಲಿನ ಗೆಣ್ಣು ತೋರಿಸಿದ.
ಟ್ರುಡಾ ಅತ್ತೆ?
ಅವಳು ಯಾವ ಅಳತೆಗೂ ಬಗ್ಗುವವಳಲ್ಲ.

ಬಟಾಣಿ ಸಾರಿನ ಪಾತ್ರೆ ಮೇಜಿನ ಮೂಲೆಗೆ ಸರಿಯಿತು.
ಬಂದವು ಅರ್ಧ ಬ್ಲೇಡು, ಅಮ್ಮನ ಹೆಣಿಗೆ ಕಡ್ಡಿ,
ಬಟ್ಟಲಲ್ಲಿ ಹಿಟ್ಟಿನ ಅಂಟು,
ಕತ್ತರಿಸಿದ ಅಂಚಿನ ಬಿಳುಪು ಮುಚ್ಚಲು
ನನ್ನ ಶಾಲೆಯ ಬಣ್ಣದ ಪೆಟ್ಟಿಗೆ.
ಚಾಕುವಿನ ಬೆನ್ನಿಂದ ಗೀರಿದರೆ
ಕಾಗದ ಹೇಳಿದ ಕಡೆ ಮಡಿಯುತ್ತದೆ,
ಬಾಯಿಂದ ಗೀರಿದರೆ ಎರಡು ತುಂಡು,
ಅಂದ ಅಪ್ಪ.
ಅಮ್ಮ ಒಲೆಯ ಕಡೆ ಮುಖ ಮಾಡಿಯೇ
ಮಾತೂ ಹಾಗೇ, ಅಂದಳು.

ರೆಕ್ಕೆಗೆ ನಾಲ್ಕು ರಾತ್ರಿ.
ಎಂಜಿನ್ನಿನ ಒಂಬತ್ತು ಸಿಲಿಂಡರಿಗೆ ಆರು;
ಒಂದು ನೆಲಕ್ಕೆ ಬಿದ್ದು ಬೆಕ್ಕಿನ ಪಾಲಾಯಿತು,
ಇನ್ನೊಂದನ್ನು ಬೆಂಕಿಪೊಟ್ಟಣದಿಂದ ಸುತ್ತಿದ.
ಕೊನೆಗೆ ತೇಲುಗಾಲುಗಳು, ಭಾಗ ಇಪ್ಪತ್ತೇಳು, ಇಪ್ಪತ್ತೆಂಟು.
ಒಳಗೆ ಹನ್ನೊಂದು ಪಕ್ಕೆಲುಬು,
ಹೊಟ್ಟೆಯಡಿ ಒಂದು ಮೆಟ್ಟಿಲು.
ಯಾರು ಹತ್ತಲಿಕ್ಕೆ?
ಯಾರೂ ಅಲ್ಲ.
ನೀರೂ ಒಂದು ಬಗೆಯ ಗೋಂದು, ಹುಡುಗಿ.
ಆ ಮೆಟ್ಟಿಲಿಲ್ಲದಿದ್ದರೆ ಬಿಡಿಸಿಕೊಳ್ಳಲಾರದೆ
ಕೊಲ್ಲಿಗೇ ಅಂಟಿಕೊಂಡಿರುತ್ತದೆ ವಿಮಾನ.
ನಮ್ಮ ಹಾಗೆ.

ಆಗ ಹೇಳಿದ, ಅಂಟು ಒಣಗುವಷ್ಟು ಹೊತ್ತು:
ಹದಿನಾರಕ್ಕೆ ಅವನಿಗೆ ಅಲ್ಲಿ ಕೆಲಸ.
ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟು ನೀರಿಗಿಳಿದು
ಪೈಲಟ್‌ಗಳನ್ನು ಉಪ್ಪುಮೂಟೆ ಹೊತ್ತು ದಡಕ್ಕೆ ತರುವುದು,
ಅವರ ಕಾಲು ನೆನೆಯಬಾರದು.
ಮುಖಗಳು ಮರೆತಿವೆ, ತೂಕಗಳು ನೆನಪಿವೆ.
ಕಿವಿಯಲ್ಲಿ ಸಿಳ್ಳೆ ಹಾಕುತ್ತಿದ್ದವನು ಎಪ್ಪತ್ತೆಂಟು ಕಿಲೋ.
ಲೆಫ್ಟಿನೆಂಟ್ ಜೆನೋನ್ ಅರವತ್ತು ಕೂಡ ಇರಲಿಲ್ಲ,
ನಡುಗುತ್ತಿದ್ದ, ಬೇಸಿಗೆಯಲ್ಲೂ.
ಆಮೇಲೊಂದು ಸೆಪ್ಟೆಂಬರ್.
ಅಪ್ಪ ಅಂಟಿನ ಬಟ್ಟಲು ಮುಚ್ಚಿದ.
ಮುಟ್ಟಬೇಡ, ಇನ್ನೂ ಹಸಿ ಇದೆ.

ಮುಟ್ಟಿದೆ.
ಎಲ್ಲರೂ ಮಲಗಿದ ಮೇಲೆ
ಬಟ್ಟೆ ಒಗೆಯುವ ತಗಡಿನ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು.
ಎರಡು ಕೈಯಲ್ಲಿ ಇಳಿಸಿದೆ, ಬಿಟ್ಟೆ.
ತೇಲಿತು!
ಚಂದ್ರನ ಬೆಳಕಿತ್ತೆಂದು ಹೇಳಬಹುದು, ಇರಲಿಲ್ಲ;
ಒಲೆಯ ಬಾಯಿಯ ಕೆಂಪು ಮಾತ್ರ.
ಊದಿದೆ. ತೊಟ್ಟಿಯ ಆ ದಡಕ್ಕೆ ಹೋಗಿ
ಮೂಗು ತಾಗಿಸಿ ನಿಂತಿತು.
ವಿಮಾನ ಮೂವತ್ತಮೂರು ಪಟ್ಟು ಕುಗ್ಗಿತ್ತು,
ನಾನೂ ಕುಗ್ಗಿದ್ದೆ ಆ ಗಳಿಗೆ;
ನೀರು ಮಾತ್ರ ಕುಗ್ಗಿರಲಿಲ್ಲ.
ನೂರು ಎಣಿಸುವುದರಲ್ಲಿ ಎಡಗಾಲು ಕುಡಿಯತೊಡಗಿತು.

ಬೆಳಿಗ್ಗೆ ಒಲೆಯ ಪಕ್ಕ ಒಣಗಿತ್ತು, ಅಥವಾ ಹಾಗೆಂದುಕೊಂಡೆ.
ಅಪ್ಪ ಕಿಟಕಿಗೆ ಹಿಡಿದು ನೋಡಿದ.
ತೇಲುಗಾಲಿನುದ್ದಕ್ಕೂ ಚಹಾದ ಕಲೆಯಂಥ ಗೆರೆ.
ನನ್ನ ಕಿವಿ ಕಾದಿತ್ತು, ಹಿಂಡಿಸಿಕೊಳ್ಳಲು.
ಹಾಳೆಯಲ್ಲಿ ಇದನ್ನು ಅಚ್ಚು ಹಾಕಿರಲಿಲ್ಲ, ಅಂದ.
ಇನ್ನಷ್ಟು ಹೊತ್ತು ನೋಡಿ,
ಸ್ವಲ್ಪ ಕೆಳಗಿದೆ.
ಒಳಗೆ ಯಾರೂ ಇರಲಿಲ್ಲವಲ್ಲ, ಅದಕ್ಕೆ.
ಪೆನ್ಸಿಲ್ಲಿನ ಮೊನೆ ನಾಲಿಗೆಗೆ ತಾಗಿಸಿ
ಕಲೆಯ ಮೇಲೆ, ಕೂದಲೆಳೆಯಷ್ಟು ಮೇಲೆ,
ಇನ್ನೊಂದು ಗೆರೆ ಎಳೆದ. ಕೈ ನಡುಗಲಿಲ್ಲ.

ಮಾರ್ಚಿಯಲ್ಲಿ ಹಿಮ ಗುಂಡು ಹಾರಿದಂತೆ ಒಡೆಯಿತು,
ಅಪ್ಪ ದೋಣಿಗೆ ಡಾಂಬರು ಬಳಿಯಲು ಹೋದ.
ಬೀರುವಿನ ಮೇಲಿನ ವಿಮಾನ ಎಡಕ್ಕೆ ವಾಲಿದೆ.
ಅಂಟು ಸರಿಯಿಲ್ಲ, ಅನ್ನುತ್ತಾಳೆ ಟ್ರುಡಾ ಅತ್ತೆ
ಪ್ರತಿ ಭಾನುವಾರ.
ನಾವಿಬ್ಬರೂ ಬ್ರೆಡ್ಡು ಅಗಿಯುತ್ತಿರುತ್ತೇವೆ.